ಗಟ್ಟಿಹಾಲಿನ ಅಂಗಡಿಯಲ್ಲಿ ಒಂದು ಲೋಟ ನೀರು

ಆ ಬೀದಿಯಲ್ಲಿ ಹಾಲಿನ ಅಂಗಡಿಗಳು ಮೂರಿದ್ದವು. ಆದರೆ ಗಟ್ಟಿಹಾಲಿನ ಅಂಗಡಿ ಎಂದರೆ ಒಂದೇ. ಆ ಹೆಸರನ್ನು ಯಾರೂ ಫಲಕದ ಮೇಲೆ ಬರೆಸಿರಲಿಲ್ಲ, ಜನರ ಬಾಯಿಂದ ಬಂದದ್ದು. ಅಂಗಡಿ ಕಟ್ಟಿದವರು ಮಾವ. ಕೌಂಟರಿನ ಹಿಂದೆ ನಿಂತು ನಡೆಸಿದವಳು ಅವರ ಹಿರಿಸೊಸೆ, ಬೀದಿಗೆಲ್ಲ ಮಾತಿನಮಲ್ಲಿ. ಈ ಅಡ್ಡಹೆಸರನ್ನು ಯಾರೂ ಬೆನ್ನ ಹಿಂದೆ ಹೇಳುತ್ತಿರಲಿಲ್ಲ, ಎದುರಿಗೇ ಕರೆಯುತ್ತಿದ್ದರು, ಅವಳೂ ಓ ಎನ್ನುತ್ತಿದ್ದಳು. ಅರ್ಧ ಲೀಟರ್ ಹಾಲಿಗೆ ಬಂದವರು ಅರ್ಧ ಗಂಟೆ ಅವಳ ಮಾತು ಕೇಳಿ, ಬೇಡದ ಒಂದು ಡಬ್ಬಿ ಬೆಣ್ಣೆಯನ್ನೂ ಹಿಡಿದುಕೊಂಡು ನಗುತ್ತ ಹೋಗುತ್ತಿದ್ದರು. ಯಾರ ಮಗಳಿಗೆ ಕೆಮ್ಮು, ಯಾರ ಮನೆಯ ಬೆಕ್ಕು ಮರಿ ಹಾಕಿದೆ, ಯಾರ ಅಳಿಯ ಮುನಿಸಿಕೊಂಡು ಮೂರು ದಿನದಿಂದ ಊಟ ಬಿಟ್ಟಿದ್ದಾನೆ, ಎಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಕೇಳಿಯೇಬಿಡುತ್ತಿದ್ದಳು.

ಅಂಥವಳನ್ನು ಹಿಂದಿನ ಬೆಣ್ಣೆ ಕೋಣೆಗೆ ತಳ್ಳಿ ಕೆಲವು ತಿಂಗಳಾಗಿತ್ತು. ತಪ್ಪು ಅವಳದಲ್ಲ, ಮುಖದ್ದು.

ಮೊದಮೊದಲು ಕೆನ್ನೆ ಕೆಂಪಾದಾಗ ಬೀದಿಯವರಿಗೆ ತಮಾಷೆಯೇ ಆಗಿತ್ತು. "ಏನಮ್ಮಾ, ಮಗಳ ಮದುವೆ ಮಾಡೋ ವಯಸ್ಸಲ್ಲಿ ನೀನೇ ಮದುಮಗಳ ಹಾಗೆ ನಾಚ್ಕೊಂಡಿದೀಯ!" ಎಂದು ಚುಡಾಯಿಸಿದರು. ಆದರೆ ಬಂದ ಕೆಂಪು ಹೋಗಲಿಲ್ಲ. ಕೆನ್ನೆಯಿಂದ ಮೂಗಿಗೆ ಇಳಿಯಿತು, ಗಲ್ಲಕ್ಕೆ ಹರಡಿತು, ಮೇಲೆ ಸಣ್ಣ ಸಣ್ಣ ಗುಳ್ಳೆಗಳೆದ್ದವು. ಹಾಲು ಕಾಯಿಸುವ ಬಾಣಲೆಯ ಹತ್ತಿರ ನಿಂತರಂತೂ ಮುಖ ಭಗಭಗ ಉರಿಯುತ್ತಿತ್ತು. ಒಂದು ದಿನ ದೊಡ್ಡ ಕೈಚೀಲದ ಹೆಂಗಸೊಬ್ಬಳು, ದಿನಾ ಬರುವವಳೇ, ಹಾಲಿನ ಡಬ್ಬಿಗೆ ನೀಡಿದ ಕೈಯನ್ನು ಹಿಂದಕ್ಕೆಳೆದುಕೊಂಡು ಮಾವನನ್ನು ಕೇಳಿದಳು: "ಅದು ಅಂಟೋದಾ?"

ಮಾವ ಏನೂ ಹೇಳಲಿಲ್ಲ. ಮಧ್ಯಾಹ್ನ ಬಾಗಿಲು ಅರ್ಧ ಹಾಕಿದ ಮೇಲೆ, ನೆಲ ನೋಡಿಕೊಂಡು, "ಮುಖ ಸರಿಹೋಗೋವರೆಗೂ ನೀನು ಬೆಣ್ಣೆ ಕೋಣೆ ನೋಡ್ಕೋಮ್ಮ. ಕೌಂಟರಿಗೆ ಚಿಕ್ಕವಳು ನಿಲ್ಲಲಿ. ನೋಡಿದವರು ಏನಂದ್ಕೋತಾರೋ," ಎಂದರು.

ಚಿಕ್ಕವಳು ಎಂದರೆ ಅವಳ ವಾರಗಿತ್ತಿ. ಮೌನಗೌರಿ. ಮಾತಾಡಿದರೆ ಮುತ್ತು ಉದುರುತ್ತದೆ ಎಂದು ಬಾಯಿ ಬಿಡದೆ ಇರುವ ಜಾತಿ. ಹಾಲು ಅಳೆದು ಕೊಟ್ಟು, ಹಣ ತೆಗೆದುಕೊಂಡು, ಮುಂದಿನವರ ಕಡೆ ನೋಡುತ್ತಿದ್ದಳು, ಅಷ್ಟೆ. ಜನ ಹಾಲು ತೆಗೆದುಕೊಂಡು ಹೋಗುತ್ತಿದ್ದರು, ಬೆಣ್ಣೆ ಮರೆಯುತ್ತಿದ್ದರು.

ಬೆಣ್ಣೆ ಕೋಣೆ ಕೆಟ್ಟದ್ದೇನಲ್ಲ. ತಣ್ಣನೆ ಕಲ್ಲುನೆಲ, ಎತ್ತರದಲ್ಲೊಂದು ಕಿಟಕಿ, ಗೋಡೆಗೆ ಕೆನೆಯ ಕ್ಯಾನುಗಳ ಸಾಲು, ನಡುವೆ ಕಡೆಯುವ ಯಂತ್ರ. ಮಾತಿನಮಲ್ಲಿ ಮೊದಲ ದಿನ ಆ ಯಂತ್ರದ ಜೊತೆಯೇ ಮಾತಾಡಿ ನೋಡಿದಳು. ಅದು ಅವಳಿಗಿಂತ ಹೆಚ್ಚು ಗದ್ದಲ ಮಾಡಿತು. "ಅಯ್ಯೋ, ನನಗೂ ಒಬ್ಬಳು ಗುರು ಸಿಕ್ಕಿದಳಲ್ಲ!" ಎಂದು ಸುಮ್ಮನಾದಳು. ನಕ್ಕಳು ನಿಜ. ಆದರೆ ಒಳಗೊಳಗೆ ಅವಳಿಗೆ ಬೇಕಾಗಿದ್ದದ್ದು ಒಂದೇ, ಆ ಕೌಂಟರು. ಮುಖ ಚೆಂದವಾಗಲಿ ಎಂದು ಅವಳು ಯಾವತ್ತೂ ಆಸೆಪಟ್ಟವಳಲ್ಲ, ನಾಲ್ಕು ಜನರ ಎದುರಿಗೆ ಅದನ್ನು ಹೊತ್ತು ನಿಲ್ಲುವಂತಾದರೆ ಸಾಕಿತ್ತು.

ಈಗ ಆ ಅಂಗಡಿಯ ನೀರಿನ ಸಂಗತಿಯನ್ನು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ.

ಮಾವ ಅಂಗಡಿ ತೆರೆದ ಹೊಸದರಲ್ಲಿ, ಒಂದು ಬೇಸಿಗೆ, ಕುಡಿಯಲೆಂದು ಕೌಂಟರಿನ ಕೆಳಗೆ ಒಂದು ಹೂಜಿ ನೀರು ಇಟ್ಟುಕೊಂಡಿದ್ದರು. ಯಾರೋ ಬಗ್ಗಿ ನೋಡಿದರು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಗತಿಯೇ ಆಯಿತು. ಹಾಲಿಗೆ ನೀರು ಬೆರೆಸುತ್ತಾನೆ ಎಂಬ ಸುದ್ದಿ ಸಂಜೆಯೊಳಗೆ ಬೀದಿ ದಾಟಿತ್ತು. ಮಾರಾಟವಾಗದ ಹಾಲು ಮೋರಿ ಸೇರಿತು. ತೀರಿಹೋದ ಅತ್ತೆ ಆ ಕಥೆ ಹೇಳುವಾಗಲೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಹೆಸರು ತೊಳೆದುಕೊಳ್ಳಲು ಮಾವನಿಗೆ ವರ್ಷಗಳೇ ಹಿಡಿದವು. ಅವತ್ತಿನಿಂದ ಅಂಗಡಿಯ ಹೊಸ್ತಿಲು ದಾಟಿ ಒಂದು ಹನಿ ನೀರು ಬಂದದ್ದಿಲ್ಲ. ಕ್ಯಾನು ತೊಳೆಯುವುದು ಹಿಂದಿನ ಓಣಿಯ ಆಚೆಯ ಕೊಟ್ಟಿಗೆಯಲ್ಲಿ. ಅವು ಬಿಸಿಲಲ್ಲಿ ಒಣಗಿ ಖಡಖಡ ಆದ ಮೇಲೇ ಒಳಗೆ. ನೆಲ ಒರೆಸುವುದು ಅಂಗಡಿ ಮುಚ್ಚಿದ ಮೇಲೆ. ಬಾಯಾರಿದರೆ? ಹಾಲಿದೆ, ಮಜ್ಜಿಗೆಯಿದೆ, ಕುಡಿ. ಈ ಮನೆಯವರಿಗೆ ನೀರು ಎಂದರೆ ಬೇರೆಯವರ ಮನೆಯ ವಸ್ತು.

ಇಂಥ ಮನೆಯ ಸೊಸೆಯನ್ನು ಗಂಡ ಹಾಲಿನ ವ್ಯಾನಿನಲ್ಲೇ ಕೂರಿಸಿಕೊಂಡು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಮೂಗಿನ ತುದಿಗೆ ಜಾರುವ ಕನ್ನಡಕ. ದೀಪ ಹಿಡಿದು ಮುಖವನ್ನೆಲ್ಲ ನೋಡಿ ಹೇಳಿದರು: "ಇದಕ್ಕೆ ರೊಸೇಶಿಯ ಅಂತಾರೆ. ಚರ್ಮದ ಉರಿಯೂತ. ಇದು ಅಂಟುರೋಗ ಖಂಡಿತ ಅಲ್ಲ."

"ಹೆಸರೇನೋ ಚೆನ್ನಾಗಿದೆ, ಮಗುಗೆ ಇಡಬಹುದು," ಎಂದಳು ಮಾತಿನಮಲ್ಲಿ. "ಔಷಧಿ?"

"ಬಿಸಿಲು, ಹಬೆ, ಬೆಂಕಿ ಹತ್ತಿರ ನಿಲ್ಲೋದು ಕಡಿಮೆ ಮಾಡಿ. ಹಚ್ಚೋಕೆ ಒಂದು ಕ್ರೀಮು. ಮತ್ತೆ ಈ ಮಾತ್ರೆ, ದಿನಕ್ಕೆ ಒಂದು. ಇದು ಆಂಟಿಬಯಾಟಿಕ್, ಆದರೆ ತೀರಾ ಕಡಿಮೆ ಡೋಸು."

ಮಾತಿನಮಲ್ಲಿ ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿದಳು. "ಡಾಕ್ಟ್ರೇ, ನನ್ನ ಮೈ ನೋಡಿ, ಈ ಮಾತ್ರೆ ನೋಡಿ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಆಗಲ್ವಾ?"

ಡಾಕ್ಟರಿಗೆ ನಗು ಬಂತು. "ನ್ಯುಮೋನಿಯಾ ಬಂದ್ರೆ ಜಾಸ್ತಿ ಕೊಡ್ತೀನಿ, ಅಲ್ಲಿ ಕ್ರಿಮಿ ಕೊಲ್ಲಬೇಕು. ಇಲ್ಲಿ ಕ್ರಿಮಿ ಜೊತೆ ಯುದ್ಧ ಇಲ್ಲ. ಇದೇ ಔಷಧಿ ಸ್ವಲ್ಪವೇ ಕೊಟ್ರೆ ಚರ್ಮದ ಉರಿ ತಣ್ಣಗೆ ಮಾಡುತ್ತೆ. ಕ್ರಿಮಿಗಳನ್ನ ಸುಮ್ಮನೆ ಕೆಣಕಿ, ಔಷಧಿಗೇ ಬಗ್ಗದ ಹಾಗೆ ಬೆಳೆಸೋ ಅಪಾಯವೂ ಕಡಿಮೆ. ಆದರೆ ನಿಧಾನ. ವಾರಗಟ್ಟಲೆ ತಾಳ್ಮೆ ಬೇಕು."

"ಹೆಪ್ಪು!" ಎಂದಳು ಮಾತಿನಮಲ್ಲಿ, ಕುರ್ಚಿಯಲ್ಲಿ ಮುಂದಕ್ಕೆ ಸರಿದು. "ಗೊತ್ತಾಯ್ತು ಬಿಡಿ. ಕೊಳಗ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಸುಮ್ಮನಿದ್ರೆ ಸಿಹಿಮೊಸರು. ಅವಸರ ಅಂತ ಸೌಟುಗಟ್ಟಲೆ ಸುರಿದ್ರೆ ಹುಳಿ."

"ಹೂಂ, ಹೆಚ್ಚುಕಮ್ಮಿ ಹಾಗೇ. ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ನೀರಲ್ಲಿ ನುಂಗಿ. ನುಂಗಿ ತಕ್ಷಣ ಮಲಗಬೇಡಿ. ಇನ್ನೊಂದು ಮುಖ್ಯವಾದ ವಿಷಯ ಏನಂದ್ರೆ..."

ಆ ಮುಖ್ಯವಾದ ವಿಷಯ ಹೊರಗೆ ಬರಲೇ ಇಲ್ಲ. ಹೆಪ್ಪಿನ ಮಾತೆತ್ತಿದ ಮೇಲೆ ಮಾತಿನಮಲ್ಲಿಯನ್ನು ಹಿಡಿಯುವವರು ಯಾರು? ಚಳಿಗಾಲದಲ್ಲಿ ಮೊಸರಿನ ಗಡಿಗೆಗೆ ಕಂಬಳಿ ಹೊದಿಸುವುದರಿಂದ ಶುರುಮಾಡಿ, ಮೌನಗೌರಿ ಒಮ್ಮೆ ಹೆಪ್ಪು ಹಾಕುವುದನ್ನೇ ಮರೆತು ಬೆಳಗ್ಗೆ ಗಡಿಗೆ ಹಾಲನ್ನು ಮಿಕಿಮಿಕಿ ನೋಡುತ್ತ ನಿಂತದ್ದರವರೆಗೂ ಹೇಳಿದಳು. ಡಾಕ್ಟರು ಎರಡು ಸಲ ಬಾಯಿ ತೆರೆದರು, ಎರಡು ಸಲ ಮುಚ್ಚಿದರು. ಹೊರಗೆ ಕಾಯುತ್ತಿದ್ದವರು ಬಾಗಿಲು ಬಡಿದರು. ಗಂಡ ಅವಳ ತೋಳು ಹಿಡಿದು ಎಬ್ಬಿಸಿದ.

ಮಾರನೆಯ ದಿನದಿಂದ ಮಾತ್ರೆ ಶುರುವಾಯಿತು. ಅಂಗಡಿಯಲ್ಲೇ, ಬೆಣ್ಣೆ ಕೋಣೆಯಲ್ಲೇ. ನೀರು? ಅಲ್ಲಿ ನೀರೆಲ್ಲಿದೆ? ಇದ್ದರೂ ಅವಳು ಕುಡಿಯುತ್ತಿರಲಿಲ್ಲವೆನ್ನಿ. ಪಾಪ, ಡಾಕ್ಟರು ಊರಿಗೆಲ್ಲ ಹೇಳುವ ಹಾಗೆ ನೀರು ಅಂದಿದ್ದಾರೆ, ಗಟ್ಟಿಹಾಲಿನ ಮನೆಯವರು ನೀರಲ್ಲಿ ಮದ್ದು ನುಂಗುವುದುಂಟೇ! ದೊಡ್ಡ ಲೋಟದ ತುಂಬ, ಕೆನೆ ಕಟ್ಟಿದ ಹಾಲಿನಲ್ಲಿ ಮಾತ್ರೆಯನ್ನು ಇಳಿಸಿ, ತುಟಿ ಮೇಲಿನ ಹಾಲಿನ ಮೀಸೆ ಒರೆಸಿಕೊಂಡು, "ಹೋಗಪ್ಪಾ, ಒಳಗೆ ಹೋಗಿ ಕೆಲಸ ನೋಡು," ಎಂದು ಅದಕ್ಕೆ ಹೇಳಿ ಕಳಿಸುತ್ತಿದ್ದಳು.

ಅದು ಕೆಲಸ ನೋಡಲಿಲ್ಲ. ಒಂದು ವಾರವಾಯಿತು, ನಾಲ್ಕಾಯಿತು, ಮುಖ ಹಾಗೆಯೇ ಇತ್ತು. ಮೈದುನ, "ಅತ್ತಿಗೆ, ಒಂದರ ಬದಲು ಮೂರು ನುಂಗಿಬಿಡಿ, ಬೇಗ ಹೋಗುತ್ತೆ," ಎಂದು ಸಲಹೆ ಕೊಟ್ಟ. "ಬಿಟ್ಟಿ ಬುದ್ಧಿ ನಿನ್ನ ಹತ್ರಾನೇ ಇಟ್ಕೋ. ಹೆಪ್ಪು ಜಾಸ್ತಿಯಾದ್ರೆ ಹುಳಿ ಅಂತ ಹಾಲಿನ ಮನೇಲಿ ಹುಟ್ಟಿ ಗೊತ್ತಿಲ್ವಾ ನಿನಗೆ?" ಎಂದು ಅವನ ಬಾಯಿ ಮುಚ್ಚಿಸಿದಳು. ಗಂಡ ಮಾತ್ರ ಏನೂ ಸಲಹೆ ಕೊಡಲಿಲ್ಲ. ವ್ಯಾನಿನ ಕನ್ನಡಿಯಲ್ಲಿ ಅವಳು ಮುಖ ನೋಡಿಕೊಂಡಾಗಲೆಲ್ಲ ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, "ನನಗೆ ಹಿಂದೆ ಬರೋ ಗಾಡಿ ಕಾಣಬೇಕು," ಎನ್ನುತ್ತಿದ್ದ.

ಒಂದು ಬೆಳಗ್ಗೆ ಅವಳು ಬಾಗಿಲ ಸಂದಿಯಿಂದ ಕೌಂಟರಿನ ಕಡೆ ಇಣುಕಿದಳು. ನಿವೃತ್ತ ಮೇಷ್ಟ್ರು ಹಾಲಿಗೆ ಬಂದು ನಿಂತಿದ್ದರು. "ಎಲ್ಲಮ್ಮಾ ನಿಮ್ಮಕ್ಕ? ಅವಳಿಲ್ಲದೆ ಈ ಹಾಲು ಸಪ್ಪೆ," ಎಂದರು. ಮೌನಗೌರಿ ಬೆರಳಿನಿಂದ ಒಳಕ್ಕೆ ತೋರಿಸಿ ಚಿಲ್ಲರೆ ಎಣಿಸಿ ಕೊಟ್ಟಳು. ಮಾತಿನಮಲ್ಲಿ ಸಂದಿಯಿಂದ ಹಿಂದೆ ಸರಿದಳು. ಯಂತ್ರದ ಮುಂದೆ ಬಂದು ಕುಳಿತು ಅತ್ತುಬಿಟ್ಟಳು. ಅತ್ತು, ಮೂಗೊರೆಸಿಕೊಂಡು, "ಇವತ್ತಿನದು ಉಪ್ಪು ಬೆಣ್ಣೆ ಅಂತಲೇ ಮಾರಬೇಕು," ಎಂದು ತನಗೆ ತಾನೇ ಹೇಳಿಕೊಂಡಳು.

ಎರಡನೆಯ ಸಲ ಡಾಕ್ಟರ ಹತ್ತಿರ ಹೋಗುವಾಗ ಒಂದು ಕ್ಯಾನು ಹಾಲು ಹೊತ್ತುಕೊಂಡೇ ಹೋದಳು. ಡಾಕ್ಟರು ಮುಖ ನೋಡಿದರು, ಹುಬ್ಬು ಗಂಟಿಕ್ಕಿದರು. "ಇಷ್ಟು ಹೊತ್ತಿಗೆ ಸ್ವಲ್ಪವಾದರೂ ತಗ್ಗಬೇಕಿತ್ತಲ್ಲ. ದಿನಾ ತಗೋತಿದ್ದೀರಾ?"

"ಒಂದು ದಿನ ತಪ್ಪಿಸಿದ್ರೆ ಕೇಳಿ."

"ಹೇಗೆ ತಗೋತೀರಾ?"

ಮಾತಿನಮಲ್ಲಿ ಹೆಮ್ಮೆಯಿಂದ ಕ್ಯಾನಿನ ಮುಚ್ಚಳ ತೆಗೆದಳು. "ಇದರಲ್ಲೇ! ದೊಡ್ಡ ಲೋಟದ ತುಂಬ. ಕೆನೆ ಸಮೇತ."

ಡಾಕ್ಟರು ಕ್ಯಾನು ನೋಡಿದರು, ಅವಳನ್ನು ನೋಡಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾರೇನೋ ಎಂದು ಗಂಡ ಗಾಬರಿಯಾದ. ನಗುತ್ತಿದ್ದರು. "ಅವತ್ತು ನಾನು ಹೇಳೋಕೆ ಹೊರಟಿದ್ದು ಇದೊಂದೇ ಕಣಮ್ಮಾ. ಇದನ್ನ ಹಾಲಿನ ಜೊತೆ ತಗೋಬಾರದು! ಹಾಲಲ್ಲಿರೋ ಸುಣ್ಣದಂಶ ಈ ಔಷಧಿನ ಹಿಡಿದಿಟ್ಟುಕೊಳ್ಳುತ್ತೆ, ರಕ್ತಕ್ಕೆ ಸರಿಯಾಗಿ ಸೇರೋಕೆ ಬಿಡಲ್ಲ. ಮೊದಲೇ ಕಡಿಮೆ ಡೋಸು, ಅದರಲ್ಲೂ ನಿಮ್ಮ ಹಾಲು ಪಾಲು ಕೇಳಿದ್ರೆ ಮುಖಕ್ಕೆ ಏನು ಉಳೀಬೇಕು?"

"ನಮ್ಮ ಹಾಲು ನನ್ನ ಮದ್ದು ತಿಂತಾ?" ಮಾತಿನಮಲ್ಲಿಗೆ ಯಾರೋ ತವರಿನವರನ್ನು ಬೈದ ಹಾಗಾಯಿತು. "ಡಾಕ್ಟ್ರೇ, ನೀವು ಒಂದು ಲೋಟ ಕುಡಿದು ನೋಡಿ ಮಾತಾಡಿ."

"ಹಾಲು ಅಮೃತವೇ ಇರಲಿ ತಾಯಿ. ಮಾತ್ರೆಗೆ ಮಾತ್ರ ನೀರು. ಹಿಂದೆ ಮುಂದೆ ಒಂದೆರಡು ಗಂಟೆ ಹಾಲು, ಮೊಸರು, ಮಜ್ಜಿಗೆ ಯಾವುದೂ ಬೇಡ."

ನೀರು ಕುಡಿಯುವುದು ಲೋಕಕ್ಕೆಲ್ಲ ಸುಲಭದ ಕೆಲಸ. ಇವಳಿಗೆ ಬೆಟ್ಟವಾಯಿತು. ಬೆಳಗ್ಗೆ ಎದ್ದ ಕೂಡಲೇ ನುಂಗೋಣವೆಂದರೆ, ವ್ಯಾನು ಹತ್ತಿ ಅಂಗಡಿಗೆ ಬರುತ್ತಲೇ ಬಂದ ಪ್ರತಿ ಕ್ಯಾನಿನ ಹಾಲನ್ನೂ ರುಚಿ ನೋಡಬೇಕು. ಹುಳಿ ತಿರುಗುವ ಮೊದಲೇ ಹಿಡಿಯುವ ನಾಲಿಗೆ ಮನೆಯಲ್ಲಿ ಅವಳದೊಂದೇ. ಡಾಕ್ಟರು ಲೆಕ್ಕ ಹಾಕಿ, ರುಚಿ ನೋಡುವುದು ಮುಗಿದು ಎರಡು ಗಂಟೆಯಾದ ಮೇಲೆ, ಮಧ್ಯಾಹ್ನದ ಊಟಕ್ಕೆ ಮೊದಲು ಎಂದು ಹೊತ್ತು ಗೊತ್ತುಮಾಡಿದರು. ಆ ಹೊತ್ತಿಗೆ ಅವಳು ಬೆಣ್ಣೆ ಕೋಣೆಯಲ್ಲಿರುತ್ತಾಳೆ. ಮನೆ ಎರಡು ಬಸ್ಸಿನಷ್ಟು ದೂರ. ಕೊಟ್ಟಿಗೆಯ ನಲ್ಲಿಯ ನೀರು ಕ್ಯಾನು ತೊಳೆಯಲು ಸರಿ, ಕುಡಿಯಲು ಬಾರದು.

ಮಾವನಿಗೆ ಹೇಳಿಬಿಡಬಹುದಿತ್ತು. ಆದರೆ ಯಾವ ಬಾಯಲ್ಲಿ ಹೇಳುವುದು? ನಿಮ್ಮ ಹಾಲಿನಿಂದ ನನ್ನ ಮದ್ದು ಹಾಳಾಯಿತು, ನಿಮ್ಮ ಅಂಗಡಿಗೆ ನೀರು ತರುತ್ತೇನೆ ಎಂದು ಆ ಮುದಿಜೀವಕ್ಕೆ ಹೇಳುವುದೇ? ಅವಳಿಗೆ ಮನಸ್ಸು ಬರಲಿಲ್ಲ.

ಮೊದಲು ಪಕ್ಕದ ದರ್ಜಿ ಹೆಂಗಸಿನ ಅಂಗಡಿಗೆ ಹೋಗಿ ನುಂಗತೊಡಗಿದಳು. ಉಪಾಯ ಚೆನ್ನಾಗಿತ್ತು, ಆದರೆ ಮಾಡಿದವಳು ಮಾತಿನಮಲ್ಲಿ. ತಿಂಗಳುಗಟ್ಟಲೆ ಮನುಷ್ಯರ ಮುಖ ಕಾಣದವಳಿಗೆ ಹೊಲಿಗೆ ಯಂತ್ರದ ಮುಂದೆ ಕುಳಿತ ಎರಡು ಕಿವಿ ಸಿಕ್ಕಿದವು. ಮಾತ್ರೆ ಒಂದು ಕ್ಷಣದಲ್ಲಿ ಇಳಿಯುತ್ತಿತ್ತು, ಮಾತು ಒಂದು ಗಂಟೆಯಾದರೂ ಇಳಿಯುತ್ತಿರಲಿಲ್ಲ. ಮೂರನೆಯ ದಿನ ಯಂತ್ರ ತಾನೇ ತಾನಾಗಿ ಕಡೆದೂ ಕಡೆದೂ ಬೆಣ್ಣೆ ಬೆಚ್ಚಗಾಗಿ ಮುದ್ದೆಯಾಗಿ ಗೋಡೆಗೆಲ್ಲ ಸಿಡಿದಿತ್ತು. ಮಾವ ಬಂದು ನೋಡಿ, "ಕೆಲಸದ ಹೊತ್ತಲ್ಲಿ ಈ ಕೋಣೆ ಬಿಟ್ಟು ಅಲ್ಲಾಡಕೂಡದು," ಎಂದು ಗುಡುಗಿದರು.

ಇನ್ನೇನು ಮಾಡುವುದು? ದರ್ಜಿಯ ಹತ್ತಿರ ಕೇಳಿ ತಂದ ಸಣ್ಣ ಹೂಜಿ ಏಪ್ರನ್ನಿನ ಕೆಳಗೆ ಸೇರಿತು. ಬೆಳಗ್ಗೆ ಕೆಲಸಕ್ಕೆ ಮೊದಲೇ ಅವಳ ಮಡಕೆಯಿಂದ ತುಂಬಿಸಿಕೊಂಡು, ಓಣಿಯಲ್ಲಿ ಆಚೆ ಈಚೆ ನೋಡಿ, ಹಿಂಬಾಗಿಲಿನಿಂದ ಸರ್ರನೆ ಒಳಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಇವಳು ನೀರು ಕುಡಿದಳು, ಅಷ್ಟೇ ವ್ಯತ್ಯಾಸ. ಕೆಲವು ವಾರ ಹೀಗೇ ನಡೆಯಿತು. ಅಚ್ಚರಿಯೆಂದರೆ, ಮಾತ್ರೆ ಈಗ ನಿಜವಾಗಿಯೂ ಕೆಲಸ ನೋಡತೊಡಗಿತ್ತು. ಹೊಸ ಗುಳ್ಳೆ ಏಳುವುದು ನಿಂತಿತು. ಉರಿ ತಗ್ಗಿತು. ಕೆಂಪು ಮಾತ್ರ ಇನ್ನೂ ಗಟ್ಟಿಯಾಗಿ ಕೂತಿತ್ತು. ಇನ್ನೊಂದಿಷ್ಟು ದಿನ ತಾಳಿಕೋ ಎಂದು ಅವಳು ಕೆನ್ನೆಗೆ ಹೇಳಿಕೊಂಡಳು.

ತಾಳುವಷ್ಟರಲ್ಲಿ ಮೇಷ್ಟ್ರು ನೋಡಿಬಿಟ್ಟರು. ಓಣಿಯಲ್ಲಿ ವಾಯುಸೇವನೆಗೆ ಬಂದವರ ಕಣ್ಣಿಗೆ, ಗಟ್ಟಿಹಾಲಿನ ಅಂಗಡಿಯ ಹಿರಿಸೊಸೆ ಬಟ್ಟೆಯ ಕೆಳಗೆ ನೀರು ತುಳುಕುವ ಹೂಜಿ ಬಚ್ಚಿಟ್ಟುಕೊಂಡು ಹಿಂಬಾಗಿಲಲ್ಲಿ ನುಸುಳುವುದು ಬಿತ್ತು. ಮೇಷ್ಟ್ರು ಕೆಟ್ಟವರಲ್ಲ. ಒಬ್ಬರ ಹತ್ತಿರ ಮಾತ್ರ ಹೇಳಿದರು. ಆ ಒಬ್ಬರು ದೊಡ್ಡ ಕೈಚೀಲದ ಹೆಂಗಸು.

ಮಾರನೆಯ ದಿನ ಕೌಂಟರಿನ ಮುಂದೆ ಸಾಲು ಇತ್ತು, ಆದರೆ ಮುಖಗಳು ಬೇರೆ ಥರ ಇದ್ದವು. ಒಬ್ಬಾಕೆ ಹಾಲಿಗೆ ಬೆರಳದ್ದಿ ನೋಡಿದಳು. ಇನ್ನೊಬ್ಬ ಡಬ್ಬಿಯನ್ನು ಬೆಳಕಿಗೆ ಹಿಡಿದ. ಕೈಚೀಲದ ಹೆಂಗಸು, "ಯಾಕೋ ತೆಳ್ಳಗಾದ ಹಾಗಿದೆಯಪ್ಪಾ. ಹಿಂದಿನ ಬಾಗಿಲಲ್ಲಿ ಏನೇನು ಬರುತ್ತೋ ಯಾರು ಕಂಡೋರು," ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಮಾವ ಕುರ್ಚಿಯಿಂದ ಎದ್ದರು. ಕೋಲು ಊರಿಕೊಂಡು ನೇರ ಬೆಣ್ಣೆ ಕೋಣೆಗೆ ನುಗ್ಗಿದರು.

ಸರಿಯಾಗಿ ಮಾತ್ರೆಯ ಹೊತ್ತು. ಮಾತಿನಮಲ್ಲಿಯ ನಾಲಿಗೆಯ ಮೇಲೆ ಮಾತ್ರೆ, ತುಟಿಯ ಹತ್ತಿರ ಲೋಟ, ಕಾಲ ಬಳಿ ಹೂಜಿ.

"ನೀರಾ?" ಎಂದರು ಮಾವ.

ಅವಳು ಗುಟುಕರಿಸಿ ಮಾತ್ರೆ ಇಳಿಸಿದಳು. ಆಮೇಲೆ ಕಟ್ಟೆಯೊಡೆಯಿತು. ಡಾಕ್ಟರು, ಹೆಪ್ಪು, ಸುಣ್ಣದಂಶ, ದರ್ಜಿ, ಹೂಜಿ, ಒಂದನ್ನೂ ಬಿಡದೆ ಒಂದೇ ಉಸಿರಿಗೆ ಹೇಳಿದಳು. "ಹಾಲಿನ ತಪ್ಪಲ್ಲ ಮಾವ. ತೆಳ್ಳಗಿರೋ ಹಾಲಾಗಿದ್ರೆ ಮಾತ್ರೆ ಹೇಗೋ ತಪ್ಪಿಸಿಕೊಂಡು ಹೋಗ್ತಿತ್ತೇನೋ. ನಮ್ಮದು ಹಿಡಿದರೆ ಬಿಡೋ ಹಾಲಾ?" ಈ ಕೊನೆಯದನ್ನು ಡಾಕ್ಟರು ಹೇಳಿರಲಿಲ್ಲ, ಮುದುಕರ ಸಮಾಧಾನಕ್ಕೆ ಅವಳೇ ಸೇರಿಸಿದ್ದು.

"ನನಗ್ಯಾಕೆ ಹೇಳಲಿಲ್ಲ?"

"ನಿಮಗೆ ನೋವಾಗುತ್ತೆ ಅಂತ."

"ಅದಕ್ಕೆ ಕಳ್ಳರ ಹಾಗೆ ಮುಚ್ಚಿಟ್ಟುಕೊಂಡು ತಂದೆಯಾ? ಮುಚ್ಚಿಟ್ಟಿದ್ದಕ್ಕೇ ಅಲ್ವೇನಮ್ಮ ಜನ ಅನುಮಾನಪಟ್ಟಿದ್ದು!"

"ನೀವೇ ಕಲಿಸಿದ್ದಲ್ವಾ ಮಾವ," ಎಂದಳು ಅವಳು. ಸಿಟ್ಟಿನಿಂದಲ್ಲ, ಅಳು ಬಂದಿತ್ತು. "ನೋಡಿದವರು ಏನಾದ್ರೂ ಅಂದ್ಕೊಳ್ಳೋ ಹಾಗಿದ್ರೆ ಒಳಗಿಡಬೇಕು ಅಂತ. ನೀರೂ ಅಷ್ಟೆ. ನಾನೂ ಅಷ್ಟೆ."

ಯಂತ್ರ ಗಡಗಡ ಸದ್ದು ಮಾಡುತ್ತಿತ್ತು. ಮಾವ ಅದರ ಗುಂಡಿ ಒತ್ತಿ ನಿಲ್ಲಿಸಿದರು. ಬಗ್ಗಿ, ಮೊಣಕಾಲು ನೋವಿಗೆ ಒಮ್ಮೆ "ಉಸ್" ಎಂದು, ನೆಲದ ಮೇಲಿದ್ದ ಹೂಜಿ ಎತ್ತಿಕೊಂಡರು.

"ಲೋಟ ತಗೋ. ಬಾ ಹೊರಗೆ," ಎಂದರು.

ಮುಂದೆ ಮಾವ, ಹಿಂದೆ ಸೊಸೆ. ಕೌಂಟರಿನ ಮುಂದಿನ ಗುಸುಗುಸು ಹಾಗೇ ನಿಂತಿತು. ಮಾವ ಹೂಜಿಯನ್ನು ಕೌಂಟರಿನ ನಟ್ಟನಡುವೆ ಕುಕ್ಕಿದರು. ಆ ಹಲಗೆಯ ಮೇಲೆ ನೀರು ಕಂಡು ಮೌನಗೌರಿಯ ಕೈಯಲ್ಲಿದ್ದ ಅಳತೆಯ ಪಾತ್ರೆ ಜಾರಿತು. ಮಾವ ಎಲ್ಲರಿಗೂ ಕಾಣುವ ಹಾಗೆ ಹೂಜಿಯನ್ನು ಎತ್ತರಕ್ಕೆ ಎತ್ತಿ ಲೋಟಕ್ಕೆ ನೀರು ಸುರಿದು, ಲೋಟವನ್ನು ಸೊಸೆಯ ಕೈಗೆ ಕೊಟ್ಟರು.

"ಎಲ್ಲರೂ ನೋಡಿ," ಎಂದರು. "ನೀರು ನನ್ನ ಸೊಸೆಗೆ. ಹಾಲು ನಿಮಗೆ. ಅವಳು ದಿನಾ ಮಾತ್ರೆ ನುಂಗಬೇಕು, ಹಾಲಲ್ಲಿ ನುಂಗಿದ್ರೆ ನಾಟಲ್ವಂತೆ. ಇನ್ನು ಮೇಲೆ ನೀರು ಇಲ್ಲೇ ಇರುತ್ತೆ, ನಿಮ್ಮ ಕಣ್ಣೆದುರಿಗೇ. ಅನುಮಾನ ಇದ್ದವರು ಹಾಲು ಕುಡಿದು ನೋಡಿ, ದುಡ್ಡು ಬೇಡ."

ಮೇಷ್ಟ್ರು ತಮ್ಮ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಕೈಚೀಲದ ಹೆಂಗಸು ಮೆಲ್ಲಗೆ, "ಅಲ್ಲ, ಆ ಮುಖದ್ದು... ಅಂಟೋದು ಅಂತ..." ಎಂದು ಶುರುಮಾಡಿದಳು.

"ಅವತ್ತು ಕೇಳಿದ್ರಿ, ನಾನು ಬಾಯಿ ಮುಚ್ಕೊಂಡಿದ್ದೆ. ಇವತ್ತು ಹೇಳ್ತೀನಿ ಕೇಳಿ. ಅದು ಅಂಟಲ್ಲ. ಇವಳ ಹತ್ರ ಅಂಟೋ ರೋಗ ಇರೋದು ಒಂದೇ, ಮಾತು!" ಎಂದರು ಮಾವ. ಆಮೇಲೆ ಸೊಸೆಯ ಕಡೆ ತಿರುಗಿ, "ನಿಂತ್ಕೋಮ್ಮ ನಿನ್ನ ಜಾಗದಲ್ಲಿ," ಎಂದರು.

ಮಾತಿನಮಲ್ಲಿ ನಿಂತಳು. ಕೆಂಪು ಮುಖ ಹೊತ್ತು, ಲೋಟ ಹಿಡಿದು, ಸಾಲಿನ ಎದುರಿಗೆ ನಿಂತಳು. ಮಾತಾಡಲು ಬಾಯಿ ತೆರೆದಳು. ಏನೂ ಬರಲಿಲ್ಲ. ಅವಳನ್ನು ಕಂಡಾಗಿನಿಂದ ಅವಳು ಹೀಗೆ ನಿಂತದ್ದನ್ನು ಆ ಬೀದಿ ನೋಡಿರಲಿಲ್ಲ. ಜನ ಕಾದರು. ಅವಳ ಕಣ್ಣಿಂದ ಬಳಬಳ ನೀರು ಇಳಿಯಿತೇ ಹೊರತು ಮಾತು ಇಳಿಯಲಿಲ್ಲ.

ಆಗ ಮೌನಗೌರಿ ಬಾಯಿಬಿಟ್ಟಳು.

"ಅಕ್ಕಾ, ಸುಮ್ಮನೆ ನಿಂತ್ಕೋಬೇಡ, ನಿನ್ನ ದಮ್ಮಯ್ಯ. ನನಗೆ ಸಾಕಾಗಿಹೋಗಿದೆ! ಇವರಿಗೆ ಹಾಲು ಕೊಟ್ರೆ ಸಾಲದು, ಬೆಕ್ಕಿನ ಕಥೆ ಬೇಕು, ಅಳಿಯನ ಕಥೆ ಬೇಕು, ನನ್ನ ಹತ್ರ ಎಲ್ಲಿಂದ ತರಲಿ? ದಿನಾ ರಾತ್ರಿ ನನಗೆ ಜನ ಪ್ರಶ್ನೆ ಕೇಳೋ ಹಾಗೇ ಕನಸು ಬೀಳುತ್ತೆ. ಆ ಬೆಣ್ಣೆ ಕೋಣೆ ನನಗೆ ಕೊಟ್ಟುಬಿಡು, ನಿನ್ನ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ!"

ಬೀದಿಯೇ ಬೆರಗಾಯಿತು. ಮೊದಲು ಚೇತರಿಸಿಕೊಂಡವರು ಮೇಷ್ಟ್ರು. "ನೋಡಿದ್ರಾ, ಆಗಲೇ ಅಂಟಿತು!" ಎಂದರು. ಸಾಲಿನ ಈ ತುದಿಯಿಂದ ಆ ತುದಿವರೆಗೆ ನಗುವಿನ ಅಲೆ ಹೊರಟಿತು. ಕೈಚೀಲದ ಹೆಂಗಸಿಗೂ ತಡೆಯಲಾಗಲಿಲ್ಲ, ಚೀಲ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವಿನ ನಡುವೆಯೇ ಮಾತಿನಮಲ್ಲಿಯ ಗಂಟಲು ಬಿಟ್ಟುಕೊಂಡಿತು. "ಮೇಷ್ಟ್ರೇ, ನಿಮ್ಮ ಬಗ್ಗೆ ಹೇಳೋದು ನನಗೆ ಬಹಳ ಇದೆ, ಮೊದಲು ಡಬ್ಬಿ ಕೊಡಿ ಇಲ್ಲಿ," ಎಂದಳು. ಅವತ್ತು ಅಂಗಡಿಯಲ್ಲಿ ಬೆಣ್ಣೆಯೆಲ್ಲ ಖಾಲಿಯಾಯಿತು.

ಸಂಜೆ ಬಾಗಿಲು ಹಾಕುವಾಗ ಮಾವ ಸುತ್ತುಬಳಸದೆ, "ತಪ್ಪಾಯ್ತು ಕಣಮ್ಮ. ನಿನ್ನನ್ನ ಒಳಗೆ ಕಳಿಸಬಾರದಿತ್ತು," ಎಂದರು. "ಬಿಡಿ ಮಾವ, ದೊಡ್ಡೋರು ನೀವು," ಎಂದಳು ಅವಳು. ಆದರೆ ಆ ಮಾತು ಕೇಳಿ ಅವಳಿಗೆ ಎಷ್ಟು ಹಗುರವಾಯಿತೆಂದರೆ, ವ್ಯಾನಿನಲ್ಲಿ ಮನೆಗೆ ಹೋಗುವಷ್ಟು ದೂರವೂ ಹಾಡು ಗುನುಗಿದಳು. ಗಂಡ ಕನ್ನಡಿಯನ್ನು ತಿರುಗಿಸುವುದನ್ನೇ ಮರೆತ.

ಅವಳ ಮುಖ ಯಾವತ್ತು ತಿಳಿಯಾಯಿತು ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಬೆಳಗ್ಗೆ ರುಚಿ ನೋಡುವುದು, ಆಮೇಲೆ ಕೌಂಟರು, ನಡುವೆ ಎಲ್ಲರೆದುರಿಗೆ ಒಂದು ಮಾತ್ರೆ, ದೊಡ್ಡ ಲೋಟ ನೀರು. ಗಿರಾಕಿಗಳೇ, "ಮಾತ್ರೆ ಆಯ್ತೇನಮ್ಮಾ?" ಎಂದು ನೆನಪಿಸುತ್ತಿದ್ದರು. ಕನ್ನಡಿ ನೋಡಲು ಪುರುಸೊತ್ತೆಲ್ಲಿತ್ತು! ಒಂದು ದಿನ ಡಾಕ್ಟರು ದೀಪ ಹಿಡಿದು ನೋಡಿ, "ಭೇಷ್! ಇನ್ನು ಮಾತ್ರೆ ಸಾಕು. ಕ್ರೀಮು ಮುಂದುವರಿಸಿ. ಇದು ಮತ್ತೆ ತಲೆಯೆತ್ತೋ ಜಾತಿ, ಎತ್ತಿದ್ರೆ ತಕ್ಷಣ ಬನ್ನಿ," ಎಂದಾಗಲೇ ಅವಳು ಕೆನ್ನೆ ಮುಟ್ಟಿ ನೋಡಿಕೊಂಡದ್ದು. ನಕ್ಕಾಗ ಒಂಚೂರು ಕೆಂಪು ಬರುತ್ತಿತ್ತು. ಇರಲಿ ಬಿಡಿ, ನಕ್ಕಾಗ ತಾನೇ.

ಅವತ್ತು ಅಂಗಡಿಗೆ ಬಂದವಳೇ ಕೌಂಟರಿನ ಮೇಲಿದ್ದ ಹೂಜಿಯನ್ನು ಎತ್ತಿಕೊಂಡಳು. ಮಾತ್ರೆ ನಿಂತ ಮೇಲೆ ನೀರು ಯಾಕೆ? ಮಾವನ ಅಂಗಡಿ ಮೊದಲಿದ್ದ ಹಾಗೆ ಇರಲಿ ಎಂದು ಹಿಂಬಾಗಿಲ ಕಡೆ ಹೊರಟಳು.

"ಎಲ್ಲಿಗೆ?" ಎಂದರು ಮಾವ, ತಮ್ಮ ಕುರ್ಚಿಯಿಂದ.

"ಇನ್ನು ಇದು ಬೇಡವಲ್ಲ ಮಾವ. ದರ್ಜಿ ಮನೆಗೆ ಕೊಟ್ಟುಬರ್ತೀನಿ."

ಮಾವ ಹೂಜಿಯನ್ನೇ ನೋಡಿದರು. ಆಮೇಲೆ, ಸಾಲಿನಲ್ಲಿ ನಿಂತವರು ಕೇಳುತ್ತಿದ್ದಾರೆಂಬುದನ್ನೂ ಲೆಕ್ಕಿಸದೆ, ಹೇಳಿದರು.

"ಇರಲಿ ಬಿಡಮ್ಮ. ಅಂಗಡಿ ತೆರೆದಾಗಿನಿಂದ ನನಗೂ ಬಾಯಾರಿದೆ."

ಅವಳು ದೊಡ್ಡ ಲೋಟದ ತುಂಬ ನೀರು ಬಗ್ಗಿಸಿ ಅವರ ಕೈಗೆ ಕೊಟ್ಟಳು. ಮುದುಕರು ಅಂಗಡಿಯ ಬಾಗಿಲಲ್ಲಿ, ಬೀದಿಗೆ ಮುಖ ಮಾಡಿ ನಿಂತು, ಗಟಗಟನೆ ಕುಡಿದರು.